ಆತಕೂರಿನ ಕಾಳಿಯೂ ಮೆಚ್ಚಿನ ನೀತಿಯೂ

ಕನ್ನಡ ನಾಡಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ತುರುಗಳನ್ನು ಬಿಡಿಸಿ ತರುವಾಗ ಮಡಿದವನಿಗೆ, ಊರಿನ ಮಾನ ಕಾಯಲು ಹೋಗಿ ಹಿಂದಿರುಗದವನಿಗೆ, ಒಡೆಯನ ಮುಂದೆ ನಿಂತು ಕಾದಿ ಪ್ರಾಣ ತೆತ್ತವನಿಗೆ ನಮ್ಮ ಹಿರಿಯರು ಕಲ್ಲು ನೆಡಿಸಿ, ಹೆಸರು ಕೆತ್ತಿಸಿ, ಪೂಜೆಗೆ ಭೂಮಿ ಬಿಟ್ಟಿರುವರು. ಕೆರೆಯ ಏರಿಯ ಮೇಲೆ, ಊರ ಮುಂದಣ ಅರಳೀಕಟ್ಟೆಯ ಪಕ್ಕದಲ್ಲಿ, ಹಾಳು ದೇಗುಲದ ಅಂಗಳದಲ್ಲಿ ಇಂಥ ಕಲ್ಲುಗಳನ್ನು ಕಾಣದ ಹೋಬಳಿಯೇ ನಮ್ಮ ಸೀಮೆಯಲ್ಲಿ ವಿರಳ. ಆದರೆ ಮಂಡ್ಯ ಜಿಲ್ಲೆಗೆ ಸೇರಿದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲೊಂದು ಇವೆಲ್ಲವುಗಳಿಗಿಂತ ಬೇರೆಯಾದ ಗೌರವವನ್ನು ಪಡೆದಿದೆ. ಅದರ ಮೇಲೆ ಕೆತ್ತಲ್ಪಟ್ಟ ವೀರನು ಮನುಷ್ಯನಲ್ಲ. ಕಾಳಿ ಎಂಬ ಹೆಸರಿನ ಒಂದು ಬೇಟೆನಾಯಿ. ಈ ಕಲ್ಲು ಚರಿತ್ರಕಾರರಿಗೆ ಚಿರಪರಿಚಿತವಾದುದು. ರಾಷ್ಟ್ರಕೂಟ ಚೋಳರ ಯುದ್ಧದ ಕಾಲನಿರ್ಣಯಕ್ಕೆ ಇದನ್ನು ಆಧಾರವಾಗಿ ಎತ್ತಿಕೊಳ್ಳದ ಗ್ರಂಥವಿಲ್ಲ. ಆದರೆ ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ‘ಕುತೂಹಲಕರವಾದ ಸಂಗತಿ’ ಎಂದು ಒಂದು ವಾಕ್ಯ ಬರೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ಆ ಒಂದು ವಾಕ್ಯದಲ್ಲಿ ಅಡಗಿಹೋದ ನೀತಿಯನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಶಾಸನದ ವಿಷಯವನ್ನು ಸಂಗ್ರಹವಾಗಿ ತಿಳಿಯೋಣ. ಇದರ ಕಾಲ ಶಕ ವರ್ಷ ೮೭೨ನೆಯ ಸೌಮ್ಯ ಸಂವತ್ಸರ, ಎಂದರೆ ಕ್ರಿ. ಶ. ೯೪೯–೫೦. ಆಗ ಮಾನ್ಯಖೇಟದ ಸಿಂಹಾಸನದಲ್ಲಿದ್ದವನು ರಾಷ್ಟ್ರಕೂಟ ಮೂರನೆಯ ಕೃಷ್ಣ. ಶಾಸನವು ಅವನನ್ನು ಕನ್ನರದೇವನೆಂದು ಕರೆಯುತ್ತದೆ. ಅವನು ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ, ಇಂದಿನ ತಮಿಳುನಾಡಿನ ಅರಕ್ಕೋಣಕ್ಕೆ ಸಮೀಪವಾದ ತಕ್ಕೋಲದಲ್ಲಿ ಕಾದಿದನು. ಗಂಗವಾಡಿಯನ್ನು ಆಳುತ್ತಿದ್ದ ಇಮ್ಮಡಿ ಬೂತುಗನು ಕೃಷ್ಣನಿಗೆ ನೆಂಟನೂ ಹೌದು, ಸಹಾಯಕನೂ ಹೌದು. ಈ ಯುದ್ಧದಲ್ಲಿ ರಾಜಾದಿತ್ಯನು ಬೂತುಗನ ಕೈಯಲ್ಲಿ ಮಡಿದನೆಂದು ಶಾಸನವು ಹೇಳುತ್ತದೆ. ಕೃಷ್ಣನು ಇದಕ್ಕೆ ಮೆಚ್ಚಿ ಬನವಾಸಿ ೧೨,೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಎಂಬ ನಾಡುಗಳನ್ನು ಬೂತುಗನಿಗೆ ಕೊಟ್ಟನು. ಬೂತುಗನ ಕಡೆಯ ವೀರನೊಬ್ಬನು ಮಣಲೇರ, ಸಗರ ವಂಶದವನು. ಅವನು ತನ್ನ ಮುಂದೆ ನಿಂತು ಕಾದಿದುದಕ್ಕೆ ಮೆಚ್ಚಿ ಬೂತುಗನು ಆತಕೂರು ಹನ್ನೆರಡನ್ನೂ ಬೆಳ್ವೊಲದ ಊರೊಂದನ್ನೂ ಬಾಳ್ಗಚ್ಚಾಗಿ ಕೊಟ್ಟನು. ಬಾಳ್ಗಚ್ಚು ಎಂದರೆ ಕತ್ತಿಯನ್ನು ತೊಳೆದು ಕೊಡುವ ದತ್ತಿ. ರಣದಲ್ಲಿ ರಕ್ತ ಹತ್ತಿದ ಬಾಳಿಗೆ ಒಡೆಯನು ಸಲ್ಲಿಸುವ ಮರ್ಯಾದೆ.

ಇಷ್ಟಾದರೆ ಇದು ಅಂದಿನ ನೂರಾರು ಶಾಸನಗಳಲ್ಲಿ ಒಂದಾಗುತ್ತಿತ್ತು. ಆದರೆ ಇದೇ ಕಲ್ಲಿನಲ್ಲಿ ಇನ್ನೊಂದು ವೃತ್ತಾಂತವಿದೆ. ಒಡೆಯನು ಮಣಲೇರನ ಶೌರ್ಯಕ್ಕೆ ಮೆಚ್ಚಿ ‘ಬೇಕಾದುದನ್ನು ಬೇಡು’ ಎಂದಾಗ ಅವನು ಬೇಡಿದುದು ಹೊನ್ನನ್ನಲ್ಲ, ಕುದುರೆಯನ್ನಲ್ಲ. ಕಾಳಿ ಎಂಬ ನಾಯಿಯನ್ನು ದಯಪಾಲಿಸಬೇಕೆಂದು ಕೇಳಿಕೊಂಡನು. ನಾಯಿ ಅವನಿಗೆ ದೊರೆಯಿತು. ಆಮೇಲೆ ಕೆಳಲೆ ನಾಡಿನ ಬೆಳತೂರಿಗೆ ಪಡುವಲ ದಿಕ್ಕಿನಲ್ಲಿದ್ದ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ದತ್ತಿಯಾಗಿ ಬಿಟ್ಟರು. ಈ ಭೂಮಿಯನ್ನು ಕೆಡಿಸಿದವನಿಗೆ ನಾಯಿಯ ಪಾಪ ತಟ್ಟುವುದೆಂದೂ, ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪವೆಂದೂ ಶಾಪವಾಕ್ಯವಿದೆ. ಕಲ್ಲಿನ ಮೇಲ್ಭಾಗದಲ್ಲಿ ಹಂದಿಯೊಡನೆ ಹೋರಾಡುವ ನಾಯಿಯ ಚಿತ್ರವನ್ನು ಕೆತ್ತಿದ್ದಾರೆ. ಬಿ. ಎಲ್. ರೈಸ್, ಜೆ. ಎಫ್. ಫ್ಲೀಟ್ ಮೊದಲಾದ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಓದಿ ಪ್ರಕಟಿಸಿದರು. ಈಗ ಈ ಕಲ್ಲು ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿದೆ.

ಈ ವೃತ್ತಾಂತವನ್ನು ಮೇಲಿನಿಂದ ಕೆಳಗಿನವರೆಗೆ ಓದಿದವರಿಗೆ ಒಂದು ಮಾತು ಹೊಳೆಯದೆ ಇರದು. ಇಡೀ ಶಾಸನವು ‘ಮೆಚ್ಚು’ ಎಂಬ ಒಂದೇ ಶಬ್ದದ ಸುತ್ತ ಹೆಣೆದುಕೊಂಡಿದೆ. ಚಕ್ರವರ್ತಿ ಮಾಂಡಲಿಕನಿಗೆ ಮೆಚ್ಚಿದನು, ನಾಡು ಕೊಟ್ಟನು. ಮಾಂಡಲಿಕನು ಭಟನಿಗೆ ಮೆಚ್ಚಿದನು, ಊರು ಕೊಟ್ಟನು. ಒಡೆಯನು ಮೆಚ್ಚಿ ವರ ಕೊಟ್ಟಾಗ ಭಟನು ನಾಯಿಯನ್ನು ಪಡೆದನು. ಕೊನೆಗೆ ಭಟನು ನಾಯಿಗೆ ಮೆಚ್ಚಿದನು, ಕಲ್ಲನ್ನೂ ಮಣ್ಣನ್ನೂ ಕೊಟ್ಟನು. ಹಳಗನ್ನಡದಲ್ಲಿ ಮೆಚ್ಚು ಎಂಬುದು ಬರಿಯ ಮನಸ್ಸಿನ ಸಂತೋಷವಲ್ಲ. ಆ ಸಂತೋಷವನ್ನು ಕೈಯಿಂದ ಕೊಟ್ಟು ತೋರಿಸುವ ಬಹುಮಾನವೂ ಅದೇ. ಮೆಚ್ಚಿದವನು ಕೊಡಲೇಬೇಕು, ಕೊಡದ ಮೆಚ್ಚು ಮೆಚ್ಚಲ್ಲ. ಈ ಸರಪಣಿಯ ಕೊನೆಯ ಕೊಂಡಿ ನಾಲ್ಕು ಕಾಲಿನ ಪ್ರಾಣಿಯಾದುದರಿಂದ ಅದನ್ನು ತುಂಡರಿಸಿಬಿಡಬೇಕೆಂದು ಮಣಲೇರನಿಗೆ ತೋರಲಿಲ್ಲ. ಚಕ್ರವರ್ತಿಯ ವಿಜಯವನ್ನು ಹೇಳುವ ಕಲ್ಲಿನಲ್ಲಿಯೇ ನಾಯಿಯ ಸಾವನ್ನೂ ಬರೆಯಿಸಿದನು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ‘ಇದು ಪ್ರಾಣಿದಯೆಯಲ್ಲ, ಬೇಟೆಗಾರನ ಅಭಿಮಾನ, ಹಂದಿಯ ಕೋರೆಗೆ ನಾಯಿಯನ್ನು ನೂಕಿ ಸಾಯಿಸಿದವನು ಆಮೇಲೆ ಕಲ್ಲು ನೆಟ್ಟರೆ ಏನು ಪುಣ್ಯ?’ ಎಂದು ಕೇಳಬಹುದು. ಆಕ್ಷೇಪವು ಸುಳ್ಳಲ್ಲ. ಆ ಕಾಲದ ಬೇಟೆಯನ್ನು ಇಂದು ಯಾರೂ ಅನುಸರಿಸಲಾಗದು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಅದಕ್ಕೆ ತಡೆಯೊಡ್ಡಿದೆ. ಆದರೆ ಅದೇ ಮಣಲೇರನು ತಾನೂ ಒಡೆಯನ ಮುಂದೆ ನಿಂತು ಪ್ರಾಣವನ್ನು ಪಣವಾಗಿಟ್ಟವನು. ತಾನು ಯಾವ ಧರ್ಮಕ್ಕೆ ಒಳಪಟ್ಟಿದ್ದನೋ ಅದೇ ಧರ್ಮಕ್ಕೆ ನಾಯಿಯೂ ಒಳಪಟ್ಟಿದೆಯೆಂದು ಎಣಿಸಿ, ತನಗೆ ಸಂದ ಮರ್ಯಾದೆಯನ್ನೇ ಅದಕ್ಕೂ ಸಲ್ಲಿಸಿದನು. ಅದನ್ನು ಆಯುಧವೆಂದು ತಿಳಿದಿದ್ದರೆ ಮುರಿದ ಕತ್ತಿಯಂತೆ ಎಸೆಯಬಹುದಾಗಿತ್ತು. ಮುರಿದ ಕತ್ತಿಗೆ ಯಾರೂ ಎರಡು ಖಂಡುಗ ಮಣ್ಣು ಬಿಡುವುದಿಲ್ಲ. ಇದಲ್ಲದೆ ಶಾಪವಾಕ್ಯವು ನಾಯಿಗೆ ಯಾವ ವಿಧಿಯನ್ನೂ ಹೇಳುವುದಿಲ್ಲ, ಮನುಷ್ಯನಿಗೇ ಹೇಳುತ್ತದೆ. ನಾಯಿ ತನ್ನ ಕೆಲಸವನ್ನು ಮುಗಿಸಿತು, ಇನ್ನು ಮೇಲಿನ ಕರ್ತವ್ಯವೆಲ್ಲ ಉಳಿದವರದು ಎಂಬುದೇ ಅದರ ತಾತ್ಪರ್ಯ.

ನಾಯಿಗೆ ಕಲ್ಲು ನೆಡುವುದು ದಕ್ಷಿಣದೇಶದಲ್ಲಿ ಇದೇ ಮೊದಲಲ್ಲ. ಇದಕ್ಕೂ ಮೂರು ಶತಮಾನಗಳಿಗೆ ಹಿಂದೆ, ಪಲ್ಲವ ಮಹೇಂದ್ರವರ್ಮನ ಆಳಿಕೆಯಲ್ಲಿ, ತಮಿಳುನಾಡಿನ ಎಡತ್ತನೂರಿನಲ್ಲಿ ನೆಟ್ಟ ಕಲ್ಲೊಂದು ಕೋವಿವನ್ ಎಂಬ ನಾಯಿಯು ತನ್ನ ಒಡೆಯನೊಂದಿಗೆ ಕಳ್ಳರನ್ನು ಎದುರಿಸಿದುದನ್ನು ಹೇಳುತ್ತದೆ. ಅಲ್ಲಿಯೂ ನಾಯಿಗೆ ಹೆಸರಿದೆ, ಚಿತ್ರವಿದೆ. ಹೆಸರಿಟ್ಟು ಕರೆಯುವುದೆಂದರೆ ಆ ಪ್ರಾಣಿಯನ್ನು ಜಾತಿಯಿಂದ ಬೇರ್ಪಡಿಸಿ ವ್ಯಕ್ತಿಯೆಂದು ಗಣಿಸುವುದು. ಇದು ಸಣ್ಣ ಸಂಗತಿಯಲ್ಲ.

ಸಂಸ್ಕೃತ ವಾಙ್ಮಯವನ್ನು ಬಲ್ಲವರು ‘ಶಾಸ್ತ್ರದಲ್ಲಿ ನಾಯಿಯು ಅಶುಚಿಯಲ್ಲವೆ?’ ಎಂದು ಪ್ರಶ್ನಿಸಬಹುದು. ಅಶುಚಿಯೆಂಬ ಮಾತು ಇರುವುದು ನಿಜ. ಆದರೆ ವೈಶ್ವದೇವವನ್ನು ವಿಧಿಸುವ ಅದೇ ಮನುಸ್ಮೃತಿಯು ನಾಯಿಗೂ ಕಾಗೆಗೂ ಕ್ರಿಮಿಗೂ ಅನ್ನದ ಭಾಗವನ್ನು ಎಸೆಯದೆ ಮೆಲ್ಲಗೆ ನೆಲದ ಮೇಲಿಡಬೇಕೆಂದು ಹೇಳಿರುವುದನ್ನು ಮರೆಯಲಾಗದು. ಮಹಾಭಾರತವು ತನ್ನ ಕಥೆಯ ಬಾಗಿಲಲ್ಲಿಯೂ ಕೊನೆಯಲ್ಲಿಯೂ ಒಂದೊಂದು ನಾಯಿಯನ್ನು ನಿಲ್ಲಿಸಿದೆ. ಕೊನೆಯ ನಾಯಿಯನ್ನು ಎಲ್ಲರೂ ಬಲ್ಲರು. ಅದನ್ನು ಬಿಟ್ಟು ಸ್ವರ್ಗದ ರಥವನ್ನೇರೆನೆಂದು ಧರ್ಮರಾಯನು ಹಟ ಹಿಡಿದ ಕಥೆ ಮನೆಮನೆಯಲ್ಲಿಯೂ ಕೇಳಿಬರುವಂಥದು. ಮೊದಲಿನ ನಾಯಿಯನ್ನು ಬಲ್ಲವರು ಕಡಿಮೆ. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರವನ್ನು ನಡೆಸುತ್ತಿರಲು ದೇವಶುನಿ ಸರಮೆಯ ಮರಿಯೊಂದು ಅಲ್ಲಿಗೆ ಬಂದಿತು. ರಾಜನ ತಮ್ಮಂದಿರು ಅದನ್ನು ಹೊಡೆದರು. ಅದು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೆಕ್ಕಲೂ ಇಲ್ಲ, ನೋಡಲೂ ಇಲ್ಲವೆಂದು ಹೇಳಿತು. ಸರಮೆಯು ಯಜ್ಞಶಾಲೆಗೆ ಬಂದು, ತಪ್ಪು ಮಾಡದವನನ್ನು ಹೊಡೆದದ್ದೇಕೆಂದು ಕೇಳಿದಳು. ಅಲ್ಲಿದ್ದವರಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು, ಕಾಣದ ಭಯವು ನಿಮಗೆ ಬರಲಿ ಎಂದು ಶಪಿಸಿದಳು. ಕಾರಣವಿಲ್ಲದೆ ಪೆಟ್ಟು ತಿಂದ ಪ್ರಾಣಿಯ ಮನಸ್ಸಿನಲ್ಲಿ ನೆಲೆಸುವುದೂ ಇಂಥ ಕಾಣದ ಭಯವೇ. ಮುಂದೆ ಅದು ಹೊಡೆದವನ ಮನೆಗೇ ಹಿಂದಿರುಗುತ್ತದೆ. ವ್ಯಾಸರು ಒಂದು ಉಪಾಖ್ಯಾನದಲ್ಲಿ ಸೂಚಿಸಿದ ಈ ಮಾತನ್ನು ಆಧುನಿಕ ಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಅಳೆದು ನೋಡಿದ್ದಾರೆ. ಆ ವಿಷಯವನ್ನು ಮುಂದೆ ಹೇಳುವೆನು.

ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾದ ನೀತಿಗ್ರಂಥವು ನಾಯಿಯಿಂದ ಕಲಿಯಬೇಕಾದ ಆರು ಗುಣಗಳನ್ನು ಎಣಿಸುತ್ತದೆ: ಬಹಳ ತಿನ್ನಬಲ್ಲುದಾದರೂ ಅಲ್ಪದಿಂದ ತೃಪ್ತಿ, ಗಾಢವಾದ ನಿದ್ರೆ, ಕ್ಷಣದಲ್ಲಿ ಎಚ್ಚರ, ಸ್ವಾಮಿಭಕ್ತಿ, ಶೌರ್ಯ ಎಂದು ಮುಂತಾಗಿ. ಪಾಠಶಾಲೆಗಳಲ್ಲಿ ಈ ಶ್ಲೋಕವನ್ನು ಬಾಯಿಪಾಠ ಮಾಡಿದವರು ಒಂದು ಅಂಶವನ್ನು ಗಮನಿಸಬೇಕು. ಇಲ್ಲಿ ನಾಯಿ ಶಿಷ್ಯನಲ್ಲ, ಗುರು. ನಮ್ಮ ಜಿಲ್ಲೆಯ ಆದಿಚುಂಚನಗಿರಿಯಲ್ಲಿ ಪೂಜೆಗೊಳ್ಳುವ ಕಾಲಭೈರವನಿಗೂ ನಾಯಿಯೇ ವಾಹನ. ಹೀಗಿರಲು, ಶಾಸ್ತ್ರದ ಒಂದು ಮಾತನ್ನು ಹಿಡಿದು ಪ್ರಾಣಿಯನ್ನು ಕಲ್ಲೆಸೆದು ಅಟ್ಟುವುದು ಶಾಸ್ತ್ರಸಮ್ಮತವೆನ್ನುವುದು ಸರಿಯಲ್ಲ.

ಕಾಳಿಯನ್ನು ಹೇಗೆ ಪಳಗಿಸಿದರೆಂಬುದನ್ನು ಕಲ್ಲು ಹೇಳುವುದಿಲ್ಲ. ಆದರೆ ಪ್ರಾಚೀನರು ಬೇಟೆನಾಯಿಯ ಶಿಕ್ಷಣವನ್ನು ಒಂದು ವಿದ್ಯೆಯೆಂದೇ ಎಣಿಸಿದ್ದರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ನಡುವೆ ಸಾರಮೇಯ ವಿನೋದಕ್ಕೂ ಸ್ಥಾನವುಂಟು. ಗ್ರೀಕರಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕ್ಸೆನೊಫೊನನು ಬೇಟೆಯ ಕುರಿತ ತನ್ನ ಪುಸ್ತಕದಲ್ಲಿ, ನಾಯಿಗಳಿಗೆ ಸುಲಭವಾಗಿ ಕೂಗಿ ಕರೆಯುವಂತೆ ಚಿಕ್ಕ ಹೆಸರುಗಳನ್ನಿಡಬೇಕೆಂದು ಬರೆದನು. ನಮ್ಮ ‘ಕಾಳಿ’ ಎಂಬ ಎರಡಕ್ಷರದ ಹೆಸರು ಆ ಸೂತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಅವನನ್ನು ಅನುಸರಿಸಿ ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಬರೆದ ಅರಿಯನ್ ಎಂಬವನು, ನಾಯಿಯು ಮೊಲವನ್ನು ಹಿಡಿದಾಗ ಒಡೆಯನು ಕುದುರೆಯಿಂದಿಳಿದು ಅದರ ತಲೆ ಸವರಿ, ಹೆಸರು ಹಿಡಿದು ಹೊಗಳಬೇಕೆಂದೂ, ಮನುಷ್ಯರಲ್ಲಿ ಉದಾತ್ತರಾದವರಂತೆ ನಾಯಿಗಳೂ ಹೊಗಳಿಕೆಯಿಂದ ಹಿಗ್ಗುವುವೆಂದೂ ಹೇಳಿದನು. ದೇಶ ಬೇರೆ, ಭಾಷೆ ಬೇರೆ. ಆದರೆ ಮೆಚ್ಚಿನ ನೀತಿ ಒಂದೇ.

ಹಾಗಾದರೆ ಕೋಲಿನ ನೀತಿಗೆ ಶಾಸ್ತ್ರದ ವೇಷ ಬಂದುದು ಎಲ್ಲಿಂದ? ಹೊಡೆಯುವುದು ಎಲ್ಲ ಕಾಲದಲ್ಲಿಯೂ ಇದ್ದಿತು; ಅದನ್ನು ಕ್ರಮಬದ್ಧವಾದ ವಿದ್ಯೆಯನ್ನಾಗಿ ಮಾಡಿದುದು ಮಾತ್ರ ಈಚಿನ ಸಂಗತಿ. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬಾತನು ೧೯೧೦ರಲ್ಲಿ ಪೊಲೀಸು ಮತ್ತು ಸೇನೆಯ ನಾಯಿಗಳ ಶಿಕ್ಷಣದ ಬಗ್ಗೆ ಪ್ರಕಟಿಸಿದ ಗ್ರಂಥವು ಬಹುಕಾಲ ಪ್ರಮಾಣವಾಗಿ ಉಳಿಯಿತು. ಅದರಲ್ಲಿ ಬಹುಮಾನಕ್ಕೂ ಎಡೆಯಿದ್ದರೂ ಬಲಾತ್ಕಾರವೇ ಪ್ರಧಾನ. ೧೯೪೭ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸನು ಬಾಸೆಲ್ ನಗರದ ಮೃಗಾಲಯದ ತೋಳಗಳನ್ನು ನೋಡಿ, ತೋಳದ ಹಿಂಡಿನಲ್ಲಿ ಕಾದಾಡಿ ಮೇಲಾದ ಗಂಡೊಂದೂ ಹೆಣ್ಣೊಂದೂ ಉಳಿದವುಗಳನ್ನು ಅದುಮಿಟ್ಟು ಆಳುವುವೆಂದು ಬರೆದನು. ಇದರಿಂದ ‘ನಾಯಿಯು ತೋಳದ ಕುಲ; ಮನೆಯ ಯಜಮಾನನು ಅದನ್ನು ಅದುಮಿಟ್ಟರೆ ಮಾತ್ರ ಮಾತು ಕೇಳುತ್ತದೆ’ ಎಂಬ ವಾದವು ಲೋಕದಲ್ಲೆಲ್ಲ ಹಬ್ಬಿತು. ಆದರೆ ಆ ತೋಳಗಳು ಒಂದಕ್ಕೊಂದು ಪರಿಚಯವಿಲ್ಲದೆ ಬೇಲಿಯೊಳಗೆ ಕೂಡಿಹಾಕಲ್ಪಟ್ಟವು. ಸೆರೆಮನೆಯನ್ನು ನೋಡಿ ಸಂಸಾರಧರ್ಮವನ್ನು ಬರೆದರೆ ಎಷ್ಟು ಸರಿಯೋ ಇದೂ ಅಷ್ಟೇ ಸರಿ. ಈ ವಾದವನ್ನು ೧೯೭೦ರ ತನ್ನ ಗ್ರಂಥದಲ್ಲಿ ಪ್ರಚುರಪಡಿಸಿದ ಅಮೆರಿಕದ ಡೇವಿಡ್ ಮೆಕ್ ಎಂಬ ವಿದ್ವಾಂಸನೇ, ಕಾಡಿನಲ್ಲಿ ಸ್ವತಂತ್ರವಾಗಿ ಬಾಳುವ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, ೧೯೯೯ರಲ್ಲಿ ಅದನ್ನು ತಿದ್ದಿ ಬರೆದನು. ತೋಳದ ಹಿಂಡೆಂದರೆ ತಾಯಿ, ತಂದೆ, ಮಕ್ಕಳು ಕೂಡಿದ ಒಂದು ಕುಟುಂಬ. ಹಿರಿಯರು ನಡೆಸುತ್ತಾರೆ, ಕಿರಿಯರು ಅನುಸರಿಸುತ್ತಾರೆ.

ಇನ್ನೊಂದು ಕಡೆಯಲ್ಲಿ ಮೆಚ್ಚಿನ ನೀತಿಗೂ ಶಾಸ್ತ್ರಾಧಾರಗಳು ಒದಗುತ್ತಿದ್ದುವು. ರಷ್ಯಾದ ಪಾವ್ಲೋವನು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಅನ್ನದೊಡನೆ ಪದೇ ಪದೇ ಕೂಡಿ ಬಂದ ಸಂಜ್ಞೆಯು ಅನ್ನದಷ್ಟೇ ಪ್ರಭಾವಶಾಲಿಯಾಗುತ್ತದೆಂದು ತೋರಿಸಿದನು. ಅಮೆರಿಕದ ಥಾರ್ನ್‌ಡೈಕನು ೧೮೯೮ರಲ್ಲಿಯೂ ಸ್ಕಿನ್ನರನು ೧೯೩೮ರಲ್ಲಿಯೂ ಪ್ರಕಟಿಸಿದ ಗ್ರಂಥಗಳ ಸಾರವು, ಯಾವ ಕ್ರಿಯೆಯ ಬೆನ್ನಿಗೆ ಸುಖವು ದೊರೆಯುವುದೋ ಆ ಕ್ರಿಯೆಯನ್ನು ಪ್ರಾಣಿಯು ಮತ್ತೆ ಮತ್ತೆ ಮಾಡುವುದು ಎಂಬುದೇ. ಸಮುದ್ರದ ಡಾಲ್ಫಿನ್‌ಗಳಿಗೆ ಕಲಿಸಿದ ಕರೆನ್ ಪ್ರಯರ್ ಎಂಬಾಕೆಯು ಇದನ್ನೇ ೧೯೮೪ರಲ್ಲಿ ಸುಲಭವಾದ ಮಾತಿನಲ್ಲಿ ಬರೆದು ನಾಯಿ ಸಾಕುವವರ ಕೈಗಿತ್ತಳು. ನೀರಿನಲ್ಲಿ ಈಜುವ ಪ್ರಾಣಿಯ ಕೊರಳಿಗೆ ಹಗ್ಗ ಹಾಕಿ ಎಳೆಯುವಂತಿಲ್ಲ, ಕೋಲಿನಿಂದ ಹೊಡೆಯುವಂತಿಲ್ಲ. ಸಿಟ್ಟಾದರೆ ಅದು ದೂರ ಹೋಗಿಬಿಡುತ್ತದೆ. ಅದಕ್ಕೆ ಕಲಿಸಬೇಕಾದರೆ ಮೆಚ್ಚಿನ ಹೊರತು ಬೇರೆ ದಾರಿಯಿಲ್ಲ. ಅದಕ್ಕೆ ಸಾಕಾದುದು ನಾಯಿಗೂ ಸಾಕು ಎಂಬುದು ಆಕೆಯ ವಾದ.

ಪೆಟ್ಟಿನ ಫಲವನ್ನೂ ಅಳೆದಿದ್ದಾರೆ. ಪೋರ್ಚುಗಲ್ ದೇಶದ ವಿದ್ವಾಂಸರು ೯೨ ಸಾಕುನಾಯಿಗಳನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ವರದಿಯಂತೆ, ಗದರಿಕೆ ಎಳೆತಗಳಿಂದ ಕಲಿತ ನಾಯಿಗಳಲ್ಲಿ ಉದ್ವೇಗದ ಚಿಹ್ನೆಗಳು ಹೆಚ್ಚು. ಅವುಗಳ ಜೊಲ್ಲಿನಲ್ಲಿ ಭಯೋದ್ವೇಗವನ್ನು ಸೂಚಿಸುವ ರಸವೂ ಪಾಠದ ಬಳಿಕ ಏರಿರುತ್ತದೆ. ೨೦೨೧ರಲ್ಲಿ ಅಮೆರಿಕದ ಪಶುವೈದ್ಯರ ಸಂಘವೊಂದು ಎಲ್ಲ ನಾಯಿಗಳಿಗೂ ಬಹುಮಾನದ ವಿಧಾನವೊಂದನ್ನೇ ಬಳಸಬೇಕೆಂದು ಸಾರಿತು. ನಮ್ಮ ದೇಶದ ಬೀದಿನಾಯಿಗಳನ್ನು ಕುರಿತು ಕೊಲ್ಕತ್ತೆಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡವು ನಡೆಸಿದ ಅಧ್ಯಯನವು ಇನ್ನೂ ಸ್ವಾರಸ್ಯಕರವಾದುದು. ಅಪರಿಚಿತನೊಬ್ಬನು ಮತ್ತೆ ಮತ್ತೆ ಬಂದು ತಿನ್ನಲು ಕೊಡುವುದಕ್ಕಿಂತ, ಮತ್ತೆ ಮತ್ತೆ ಬಂದು ತಲೆ ಸವರಿದರೆ ಬೀದಿನಾಯಿಯಲ್ಲಿ ಅವನ ಮೇಲೆ ವಿಶ್ವಾಸವು ಹೆಚ್ಚಾಗಿ ಬೆಳೆಯುತ್ತದೆಂದು ಅವರು ೨೦೧೭ರಲ್ಲಿ ಪ್ರಕಟಿಸಿದರು. ಅನ್ನದ ಋಣ ದೊಡ್ಡದೆಂದು ನಾವು ಹೇಳುವೆವು. ಕೈಯ ಮಮತೆ ಅದಕ್ಕಿಂತಲೂ ದೊಡ್ಡದೆಂದು ಬೀದಿಯ ನಾಯಿ ಹೇಳುತ್ತಿದೆ.

ಇನ್ನು ನಮ್ಮ ಗಾದೆಗಳ ವಿಷಯ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯು ಮನುಷ್ಯರಿಗೆ ಅನ್ವಯಿಸಬಹುದು. ನಾಯಿಗೆ ಅನ್ವಯಿಸಿ ನಂಬಿದರೆ ಅಪಾಯ. ಬೊಗಳಿಕೆಯೂ ಗುರುಗುಟ್ಟುವಿಕೆಯೂ ನಾಯಿಯ ಎಚ್ಚರಿಕೆಯ ಮಾತುಗಳು. ಅವುಗಳಿಗೂ ಮೊದಲು ಅದು ಮೌನವಾಗಿಯೇ ಎಷ್ಟೋ ಹೇಳಿರುತ್ತದೆ: ಮುಖವನ್ನು ಪಕ್ಕಕ್ಕೆ ತಿರುಗಿಸುತ್ತದೆ, ಹಸಿವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳುಪು ಕಾಣುವಂತೆ ಓರೆನೋಟ ಬೀರುತ್ತದೆ, ಮೈಯನ್ನು ಬಿಗಿಹಿಡಿದು ಕಲ್ಲಿನಂತೆ ನಿಲ್ಲುತ್ತದೆ. ಇವನ್ನು ತಿಳಿಯದವನು ‘ಇದ್ದಕ್ಕಿದ್ದಂತೆ ಕಚ್ಚಿತು’ ಎಂದು ದೂರುವನು. ಗುರುಗುಟ್ಟಿದ ನಾಯಿಯನ್ನು ಹೊಡೆದು ಬಾಯಿ ಮುಚ್ಚಿಸಿದರೆ ಅದರ ಭಯ ಹೋಗುವುದಿಲ್ಲ. ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ಅದು ಮಾತಿಲ್ಲದೆ ಕಚ್ಚುವುದು. ಬಾಲ ಅಲ್ಲಾಡಿಸಿದರೆಲ್ಲ ಪ್ರೀತಿಯೆಂದು ತಿಳಿಯುವುದೂ ಪೂರ್ಣ ಸರಿಯಲ್ಲ. ತನ್ನವರನ್ನು ಕಂಡಾಗ ಬಾಲವು ನಾಯಿಯ ಬಲಕ್ಕೆ ಹೆಚ್ಚಾಗಿಯೂ, ಭಯಪಡಿಸುವ ನಾಯಿಯನ್ನು ಕಂಡಾಗ ಎಡಕ್ಕೆ ಹೆಚ್ಚಾಗಿಯೂ ಓಲಾಡುವುದೆಂದು ಇಟಲಿಯ ವಿದ್ವಾಂಸರು ೨೦೦೭ರಲ್ಲಿ ತೋರಿಸಿದರು. ‘ನಾಯಿಯ ಬಾಲ ಡೊಂಕು’ ಎಂದು ನಾವು ಹಾಸ್ಯಮಾಡುವ ಆ ಬಾಲದಲ್ಲಿ ಓದಬೇಕಾದ ಲಿಪಿಯೊಂದುಂಟು.

ಗೃಹಸ್ಥರಿಗೆ ಉಪಯೋಗವಾಗುವ ನಾಲ್ಕು ಮಾತುಗಳನ್ನು ಇಲ್ಲಿ ಸೇರಿಸುವುದು ಉಚಿತ. ಮರಿಯ ಮನಸ್ಸು ಲೋಕಕ್ಕೆ ಚೆನ್ನಾಗಿ ತೆರೆದುಕೊಂಡಿರುವುದು ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ೧೯೬೫ರ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದರು. ಆ ಅವಧಿಯಲ್ಲಿ ಮಕ್ಕಳು, ಮುದುಕರು, ದನಕರು, ಬಂಡಿ, ಬೈಕು ಎಲ್ಲವನ್ನೂ ಹೆದರಿಕೆಯಿಲ್ಲದೆ ಕಂಡ ಮರಿಯು ಮುಂದೆ ಹೆದರಿ ಕಚ್ಚುವುದು ಅಪರೂಪ. ಕರೆದಾಗ ಬಂದರೆ ಆ ಕ್ಷಣದಲ್ಲಿಯೇ ಹೊಗಳಿ ಒಂದು ತುತ್ತು ಕೊಡಬೇಕು. ತಡವಾಗಿ ಕೊಟ್ಟ ಬಹುಮಾನವು ಯಾವುದಕ್ಕೆಂಬುದು ನಾಯಿಗೆ ತಿಳಿಯದು. ಓಡಿಹೋದ ನಾಯಿ ಹಿಂದಿರುಗಿ ಬಂದಾಗ ಎಂದಿಗೂ ಹೊಡೆಯಬಾರದು. ಅದರ ಲೆಕ್ಕದಲ್ಲಿ ಪೆಟ್ಟು ಬಿದ್ದುದು ಓಡಿಹೋದುದಕ್ಕಲ್ಲ, ಬಂದುದಕ್ಕೆ. ಜಗುಲಿಯನ್ನು ಗಲೀಜು ಮಾಡಿದ ಮರಿಯ ಮೂತಿಯನ್ನು ಅದರಲ್ಲಿ ಉಜ್ಜುವುದು ವ್ಯರ್ಥವಾದ ಕ್ರೌರ್ಯ. ಉಂಡೊಡನೆಯೂ ಎದ್ದೊಡನೆಯೂ ಹಿತ್ತಲಿಗೆ ಕರೆದೊಯ್ದು, ಅಲ್ಲಿ ಕೆಲಸ ಮುಗಿಸಿದಾಗ ಮೆಚ್ಚಿದರೆ ಕೆಲವು ವಾರಗಳಲ್ಲಿ ಅಭ್ಯಾಸ ಕುದುರುವುದು. ತೋಟದ ಮನೆಗಳಲ್ಲಿ ಹಗಲಿರುಳು ಸರಪಳಿಯಲ್ಲಿ ಕಟ್ಟಿಹಾಕುವ ಪದ್ಧತಿಯನ್ನು ಬಿಡಬೇಕು. ಕಟ್ಟಿದ ನಾಯಿಯ ಅಸಹನೆ ಬೆಳೆಯುತ್ತದೆ. ಮದ್ದೂರು ಮಳವಳ್ಳಿಗಳ ಕಬ್ಬಿನ ಗದ್ದೆಗಳ ಅಂಚಿನಲ್ಲಿ ಚಿರತೆ ಬಂದರೆ ಅದಕ್ಕೆ ತಪ್ಪಿಸಿಕೊಳ್ಳಲೂ ದಾರಿಯಿಲ್ಲ. ತಿನ್ನುತ್ತಿರುವ, ಮಲಗಿರುವ, ಮರಿಯಿಟ್ಟಿರುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಹೇಳಿಕೊಡಬೇಕು. ಒಂದು ವೇಳೆ ಯಾವ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು. ಹುಚ್ಚುನಾಯಿ ರೋಗವು ತಲೆದೋರಿದ ಮೇಲೆ ಔಷಧವು ಫಲಿಸುವುದಿಲ್ಲವೆಂದೇ ತಿಳಿಯಬೇಕು. ಸುಣ್ಣ, ಸೊಪ್ಪಿನ ರಸಗಳನ್ನು ನಂಬಿ ಕಾಲ ಕಳೆಯುವುದು ಪ್ರಾಣಕ್ಕೆ ಅಪಾಯ.

ಉಪಾಧ್ಯಾಯವೃತ್ತಿಯಲ್ಲಿ ಇದ್ದವರಿಗೆ ಈ ಇಡೀ ಚರಿತ್ರೆಯು ಹೊಸದಾಗಿ ತೋರದು. ಬೆತ್ತವಿಲ್ಲದೆ ವಿದ್ಯೆ ಬಾರದೆಂಬ ನಂಬಿಕೆಯು ನಮ್ಮ ಶಾಲೆಗಳಲ್ಲಿಯೂ ಬಹುಕಾಲ ಇದ್ದಿತು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು; ವಿದ್ಯೆಯೇನೂ ನಿಂತುಹೋಗಲಿಲ್ಲ. ಕನ್ನಡದಲ್ಲಿ ಶಿಕ್ಷೆ ಮತ್ತು ಶಿಕ್ಷಣ ಎಂಬ ಎರಡೂ ಶಬ್ದಗಳು ಒಂದೇ ಧಾತುವಿನಿಂದ ಹುಟ್ಟಿದವು. ಆ ಧಾತುವಿನ ಅರ್ಥ ಕಲಿಯುವುದು, ಹೊಡೆಯುವುದಲ್ಲ. ಸಂಸ್ಕೃತದಲ್ಲಿ ಶಿಕ್ಷೆಯೆಂದರೆ ವೇದಾಂಗಗಳಲ್ಲಿ ಒಂದು. ಅದಕ್ಕೆ ದಂಡನೆಯ ಅರ್ಥವೇ ಮೇಲಾಗಿ ಬಂದುದು ನಮ್ಮ ಆಚರಣೆಯ ಫಲ.

ನಾಯಿಯ ಗೌರವವು ಕನ್ನಡ ನಾಡಿನಲ್ಲಿ ಪೂರ್ತಿಯಾಗಿ ನಶಿಸಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಚಿತ್ರವನ್ನು ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಮುದ್ರಿಸಿದರು. ೨೦೧೬ರಲ್ಲಿ ಆ ತಳಿಯ ಮರಿಗಳನ್ನು ಭಾರತೀಯ ಸೇನೆಯು ಮೀರತ್ತಿನ ತನ್ನ ಕೇಂದ್ರಕ್ಕೆ ಶಿಕ್ಷಣಕ್ಕಾಗಿ ಒಯ್ದಿತು. ಇವು ಸಂತೋಷದ ಸಂಗತಿಗಳೇ. ಆದರೆ ಆತಕೂರಿನ ಕಲ್ಲು ತಳಿಯ ಹೆಸರನ್ನು ಹೇಳುವುದಿಲ್ಲ. ನಾಯಿಯ ಹೆಸರನ್ನು ಹೇಳುತ್ತದೆ. ಜಾತಿನಾಯಿಗೆ ಹೆಚ್ಚು, ಬೀದಿನಾಯಿಗೆ ಕಡಿಮೆ ಎಂಬ ಲೆಕ್ಕ ಅಲ್ಲಿಲ್ಲ. ಯಾರು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದರೋ ಅವರಿಗೆ ಮೆಚ್ಚು ಸಲ್ಲಬೇಕು ಎಂಬುದೊಂದೇ ಅಲ್ಲಿಯ ಲೆಕ್ಕ.

ತಕ್ಕೋಲದ ಯುದ್ಧವು ಮುಗಿದು ಸಾವಿರದ ಎಪ್ಪತ್ತಕ್ಕೂ ಮಿಕ್ಕಿ ವರ್ಷಗಳಾದುವು. ಬನವಾಸಿ ೧೨,೦೦೦ವೂ ಬೆಳ್ವೊಲ ೩೦೦ವೂ ಕೈಬದಲಾಯಿಸಿ, ಕೊನೆಗೆ ಹೆಸರುಗಳಾಗಿ ಉಳಿದ ನಾಡುಗಳಾದುವು. ರಾಷ್ಟ್ರಕೂಟರಿಲ್ಲ, ಗಂಗರಿಲ್ಲ, ಚೋಳರಿಲ್ಲ. ಕಾಳಿಯ ಕಲ್ಲು ಊರನ್ನು ಬಿಟ್ಟು ರಾಜಧಾನಿಯನ್ನು ಸೇರಿದೆ. ಅಲ್ಲಿ ಅದಕ್ಕೆ ಕಾವಲಿದೆ, ಗೊರವನಿಲ್ಲ. ಆದರೆ ಶಾಪವಾಕ್ಯವನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಅಂದು ಗೊರವನಿಗೆ ವಿಧಿಸಿದರು. ಇಂದು ಆ ವಿಧಿಯನ್ನು ನಾವೇ ನಮಗೆ ಅನ್ವಯಿಸಿಕೊಳ್ಳುವುದಾದರೆ ಅದು ಕಷ್ಟವಾದ ವ್ರತವೇನೂ ಅಲ್ಲ. ರಾತ್ರಿಯೆಲ್ಲ ಮನೆಯನ್ನು ಕಾದು ಬಾಗಿಲಲ್ಲಿ ಮಲಗಿರುವ ಪ್ರಾಣಿಯನ್ನು ಹೆಸರು ಹಿಡಿದು ಕರೆದು, ತಲೆ ಸವರಿ, ಎಸೆಯದೆ ಮೆಲ್ಲಗೆ ನೆಲದ ಮೇಲೆ ಒಂದು ತುತ್ತು ಮುದ್ದೆಯನ್ನಿಟ್ಟು, ಆ ಬಳಿಕ ನಾವು ಎಲೆಯ ಮುಂದೆ ಕುಳಿತರೆ ಸಾಕು. ಎರಡು ಖಂಡುಗ ಮಣ್ಣನ್ನು ಯಾರೂ ಕೇಳುತ್ತಿಲ್ಲ.